ಹೆಸರು ಕೊರೆಸಿದ ಲೋಟ

ಕೆಲವರಿಗೆ ಬಸ್ಸಿನಲ್ಲಿ ಪಕ್ಕದವರ ಪೇಪರಿಗೆ ಕತ್ತು ಚಾಚುವ ಚಟ. ಕೆಲವರಿಗೆ ಯಾರ ಮನೆಗೆ ಹೋದರೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟ ಹಾಲಿನ ಲೆಕ್ಕ ಓದುವ ಚಟ. ನನ್ನದೂ ಅದೇ ಜಾತಿಯದು, ಆದರೆ ನಾಲ್ಕು ಜನರ ಎದುರು ಹೇಳಿಕೊಳ್ಳಲು ಇನ್ನೂ ಸ್ವಲ್ಪ ಸಂಕೋಚ. ಯಾವ ವೆಬ್‌ಸೈಟಿಗೆ ಹೋದರೂ ಅದು ಕಳಿಸುವ ಹೆಡರುಗಳನ್ನು ಓದುತ್ತೇನೆ.

ಮೊನ್ನೆ ದೀಪಾವಳಿಗೆ ಊರಿಗೆ ಹೋಗಲು ಟಿಕೆಟ್ ಬುಕ್ ಮಾಡಲು ಕೂತೆ. ಯಾವುದೋ ಖಾಸಗಿ ಬಸ್ಸಿನ ಸೈಟು. ಮುಂದಿನ ಸಾಲಿನ ಕಿಟಕಿ ಸೀಟು ಹಸಿರು ಬಣ್ಣದಲ್ಲಿ ನನ್ನನ್ನೇ ಕರೆಯುತ್ತಿತ್ತು. ಅದನ್ನು ಒತ್ತಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಬೆರಳು ಅಭ್ಯಾಸಬಲದಿಂದ ಎಫ್12ರ ಮೇಲೆ ಹೋಯಿತು. ನೆಟ್‌ವರ್ಕ್ ಪಟ್ಟಿ ತೆರೆದು ನೋಡಿದರೆ ಆ ಸೈಟು ತಾನು ಯಾವ ಸರ್ವರಿನ ಮೇಲೆ ಕೂತಿದ್ದೇನೆ, ಅದರ ಆವೃತ್ತಿ ಎಷ್ಟು, ಯಾವ ಭಾಷೆಯಲ್ಲಿ ಬರೆಸಿಕೊಂಡಿದ್ದೇನೆ, ಅದರ ಆವೃತ್ತಿ ಎಷ್ಟು ಎಂದೆಲ್ಲ ಕೇಳದವರಿಗೂ ಹೇಳುತ್ತಿತ್ತು. ‘ಅಯ್ಯೋ, ಇಷ್ಟು ಹಳೇ ಪಿಎಚ್‌ಪಿ!’ ಎಂದು ಗಟ್ಟಿಯಾಗಿಯೇ ಮರುಗಿದೆ. ‘ಸೀಟು ಸಿಕ್ತೇನ್ರೀ?’ ಎಂದು ಅಡುಗೆಮನೆಯಿಂದ ದನಿ ಬಂತು. ತಿರುಗಿ ನೋಡುವಷ್ಟರಲ್ಲಿ ಹಸಿರು ಬೂದಿ ಬಣ್ಣಕ್ಕೆ ತಿರುಗಿತ್ತು. ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ ಕೂತು ಶಿರಾಡಿ ಘಾಟಿ ಇಳಿದವರಿಗೆ ಮಾತ್ರ ಈ ಹವ್ಯಾಸದ ಬೆಲೆ ಗೊತ್ತು.

ಹೆಡರೆಂದರೆ ಮಹಾ ವಿದ್ಯೆಯೇನಲ್ಲ. ಬ್ರೌಸರು ಒಂದು ಪುಟ ಕೇಳಿದಾಗ ಸರ್ವರು ಬರೀ ಪುಟ ಕೊಟ್ಟು ಸುಮ್ಮನಾಗುವುದಿಲ್ಲ. ಮೊದಲು ‘200 ಓಕೆ’ ಎಂಬಂಥ ಒಂದು ಸಾಲು. ಅದರ ಕೆಳಗೆ ಸಾಲಿಗೊಂದು ಹೆಸರು, ಒಂದು ಕೋಲನ್, ಒಂದು ವಿವರ: ಇವತ್ತಿನ ತಾರೀಖು ಮತ್ತು ಗ್ರೀನ್‌ವಿಚ್ ಸಮಯ, ಕಳಿಸುತ್ತಿರುವುದು ಚಿತ್ರವೋ ಬರಹವೋ, ಎಷ್ಟು ಬೈಟು, ಎಷ್ಟು ಹೊತ್ತು ಇಟ್ಟುಕೊಳ್ಳಬಹುದು, ಇಗೋ ಈ ಕುಕಿಯನ್ನು ಜೋಪಾನ ಮಾಡು. ಆಮೇಲೆ ಒಂದು ಖಾಲಿ ಸಾಲು. ಆ ಖಾಲಿ ಸಾಲಿನ ಕೆಳಗಿನದಷ್ಟೇ ನಮ್ಮ ಕಣ್ಣಿಗೆ ಬೀಳುವ ಪುಟ. ಮೇಲಿನದೆಲ್ಲ ಬ್ರೌಸರು, ಸರ್ವರುಗಳ ಒಳಮಾತು. ಮತ್ತೆ ನನ್ನಂಥ ಕೆಲಸವಿಲ್ಲದವರದ್ದು.

ನಮ್ಮ ಮನೆಗಳ ಸ್ಟೀಲ್ ಪಾತ್ರೆ ನೋಡಿದವರಿಗೆ ಮುಂದಿನದು ಬೇಗ ಅರ್ಥವಾಗುತ್ತದೆ. ಮದುವೆ, ಮುಂಜಿ, ಗೃಹಪ್ರವೇಶಕ್ಕೆ ಬಂದ ಲೋಟ, ತಟ್ಟೆ, ಡಬರಿಗಳ ಮೇಲೆಲ್ಲ ಪಾತ್ರೆ ಅಂಗಡಿಯವನ ಮಿಷನ್ನು ಚುಕ್ಕಿ ಚುಕ್ಕಿಯಾಗಿ ಕೊರೆದಿಟ್ಟ ಅಕ್ಷರಗಳು: ಕೊಟ್ಟವರ ಹೆಸರು, ಅವರ ಊರು, ಸಮಾರಂಭ, ತಾರೀಖು. ನೀರು ಕುಡಿಯಲು ಎತ್ತಿದರೆ ಸಾಕು, ಯಾವ ದೊಡ್ಡಪ್ಪ ಯಾರ ಮದುವೆಗೆ ಎಷ್ಟು ಸಣ್ಣ ಲೋಟ ಕೊಟ್ಟು ಕೈತೊಳೆದುಕೊಂಡರು ಎಂಬ ವಂಶಚರಿತ್ರೆ ತುಟಿಗೆ ತಾಗುತ್ತದೆ. ನೀರಿಗೂ ಆ ಹೆಸರಿಗೂ ಸಂಬಂಧವಿಲ್ಲ, ಬಾಯಾರಿ ಬಂದವನಿಗೆ ಅದು ಬೇಕಾಗಿಯೂ ಇಲ್ಲ. ಆದರೂ ಇರುತ್ತದೆ. ಯಾವ ಸರ್ವರು, ಯಾವ ಚೌಕಟ್ಟು ಎಂದು ಸಾರುವ ‘ಸರ್ವರ್: ಅಪಾಚೆ’, ‘ಎಕ್ಸ್-ಪವರ್ಡ್-ಬೈ: ಎಕ್ಸ್‌ಪ್ರೆಸ್’ ಎಂಬ ಹೆಡರುಗಳದ್ದು ಇದೇ ವಂಶ.

ಮೊದಲು ಹೀಗಿರಲಿಲ್ಲ. ಜಿನೀವಾ ಬಳಿಯ ಸರ್ನ್‌ನಲ್ಲಿ ಟಿಮ್ ಬರ್ನರ್ಸ್-ಲೀ 1991ರಲ್ಲಿ ವಿವರಿಸಿದ ಎಚ್‌ಟಿಟಿಪಿಯಲ್ಲಿ ಹೆಡರೇ ಇರಲಿಲ್ಲ. ಕೇಳುವವನು ‘ಗೆಟ್’ ಎಂದು ಒಂದು ಸಾಲು ಹೇಳಬೇಕು, ಕೊಡುವವನು ಪುಟ ಸುರಿದು ಸಂಪರ್ಕ ಕಡಿದುಬಿಡಬೇಕು. ಸರಿಯಾಯಿತೋ ತಪ್ಪಾಯಿತೋ ಎಂದು ಹೇಳುವ ನಂಬರೂ ಇಲ್ಲ. ಎಂಥ ನೆಮ್ಮದಿಯ ಕಾಲ! ಆಮೇಲೆ ಪುಟದ ಜೊತೆಗೆ ಚಿತ್ರ ಬಂತು, ತರಹೇವಾರಿ ಕಡತ ಬಂತು. ಬಂದದ್ದು ಏನು ಎಂದು ಹೇಳುವ ಚೀಟಿ ಬೇಕಾಯಿತು. ಇ-ಮೇಲಿನವರ ಹತ್ತಿರ ಅಂಥ ಚೀಟಿಯ ಪದ್ಧತಿ ಆಗಲೇ ಇತ್ತು, ಅದನ್ನೇ ಎತ್ತಿಕೊಂಡು ಬಂದರು. 1996ರ ಮೇ ತಿಂಗಳಲ್ಲಿ 1.0 ಆವೃತ್ತಿಯ ದಾಖಲೆ, ಆರ್‌ಎಫ್‌ಸಿ 1945, ಹೊರಬರುವ ಹೊತ್ತಿಗೆ ‘ಸರ್ವರ್’ ಎಂಬ ಹೆಡರು ಅದರಲ್ಲಿ ಚಕ್ಕಳಮಕ್ಕಳ ಹಾಕಿ ಕೂತಾಗಿತ್ತು.

ಆ ದಾಖಲೆಯಲ್ಲಿ ನನಗೆ ಇಷ್ಟವಾಗುವುದು ಅದೇ ಹೆಡರಿನ ಅಡಿಯಲ್ಲಿರುವ ಒಂದು ಎಚ್ಚರಿಕೆ. ಆವೃತ್ತಿಯನ್ನು ನಿಖರವಾಗಿ ಹೇಳಿದರೆ ಆ ಆವೃತ್ತಿಯ ತೂತು ಬಲ್ಲವರಿಗೆ ದಾರಿ ತೋರಿಸಿದಂತಾದೀತು, ಆದ್ದರಿಂದ ಬೇಡವಾದವರು ಬದಲಾಯಿಸಿಕೊಳ್ಳುವಂತೆ ಅನುಕೂಲ ಮಾಡಿಕೊಡಿ ಎಂದು ಸರ್ವರು ಬರೆಯುವವರಿಗೆ ಅಲ್ಲೇ ಹೇಳಿದ್ದರು. 2022ರ ಆರ್‌ಎಫ್‌ಸಿ 9110 ಕೂಡ ಅದೇ ಮಾತನ್ನು ಇನ್ನೂ ಗಂಭೀರ ಮುಖ ಮಾಡಿಕೊಂಡು ಹೇಳುತ್ತದೆ. ನಡುವೆ 26 ವರ್ಷ. ಹಿರಿಯರ ಮಾತು ಕೇಳುವುದರಲ್ಲಿ ಕಂಪ್ಯೂಟರಿನವರೂ ನಮ್ಮ ನಿಮ್ಮ ಹಾಗೆಯೇ. ಹೆಸರು ಹೇಳುವುದಕ್ಕೆ ಆಗ ಕಾರಣವೂ ಇತ್ತೆನ್ನಿ. ಯಾವ ಸರ್ವರು ಎಲ್ಲಿ ಮೊಂಡು ಹಿಡಿಯುತ್ತದೆ ಎಂಬುದು ಎದುರಿನವರಿಗೆ ತಿಳಿಯಬೇಕಿತ್ತು. ನೆಟ್‌ಕ್ರಾಫ್ಟ್ ಎಂಬ ಬ್ರಿಟನ್ನಿನ ಸಂಸ್ಥೆ 1995ರಿಂದ ಜಗತ್ತಿನ ಸರ್ವರುಗಳ ತಲೆ ಎಣಿಸುತ್ತ ಬಂದಿದೆ, ಅದಕ್ಕೂ ಈ ಸಾಲೇ ಆಧಾರ. ಗಣತಿಯವರು ಬಾಗಿಲಿಗೆ ಬಂದರೆ ಹೆಸರು ಹೇಳದಿರಲಾಗುತ್ತದೆಯೇ?

ಈಗ ಬಾಗಿಲಿಗೆ ಬರುವವರು ಬೇರೆ, ಆಡಿಟ್‌ನವರು. ಬೆಂಗಳೂರಿನಲ್ಲಿ ಸಾಫ್ಟ್‌ವೇರಿನ ಅನ್ನ ತಿನ್ನುವ ಯಾರನ್ನಾದರೂ ಕೇಳಿ ನೋಡಿ. ಸರ್ಕಾರಿ ಸೈಟಾದರೆ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ ಪಟ್ಟಿಯಲ್ಲಿರುವ ಆಡಿಟರುಗಳಿಂದ ಪರೀಕ್ಷೆ ಆಗಬೇಕು. ಬ್ಯಾಂಕಿಗೆ ಕೆಲಸ ಮಾಡಿಕೊಡುವವರಿಗೆ ಬ್ಯಾಂಕಿನವರ ತಾಕೀತು. ವರದಿ ಮಾತ್ರ ಯಾರು ಕಳಿಸಿದರೂ ಶುಕ್ರವಾರ ಸಂಜೆಗೇ ಬರುತ್ತದೆ. ಕೆಂಪು ಬಣ್ಣದ ಅಪಾಯ ಒಂದೆರಡು, ಕಿತ್ತಳೆ ಒಂದಿಷ್ಟು, ಆಮೇಲೆ ಪುಟಗಟ್ಟಲೆ ಹಳದಿ: ‘ಸರ್ವರ್ ಆವೃತ್ತಿ ಬಹಿರಂಗ. ತೀವ್ರತೆ: ಕಡಿಮೆ.’ ಸಾಕ್ಷಿಗೆಂದು ಸ್ಕ್ರೀನ್‌ಶಾಟು, ಅದರೊಳಗಿನ ಆ ಬಡಪಾಯಿ ಸಾಲಿನ ಸುತ್ತ ಕೆಂಪು ಚೌಕ. ಮ್ಯಾನೇಜರುಗಳಿಗೆ ಸಂಖ್ಯೆಯ ಮೇಲೆ ಪ್ರೀತಿ. ಕಷ್ಟದ ಎರಡು ಕೆಂಪಿನ ಹಿಂದೆ ಬೀಳುವುದಕ್ಕಿಂತ ಸುಲಭದ ಹತ್ತು ಹಳದಿಯನ್ನು ಹೊಡೆದುಹಾಕಿದರೆ ಗ್ರಾಫು ಚೆನ್ನಾಗಿ ಇಳಿಯುತ್ತದೆ. ‘ಹೆಡರ್ ತಾನೇ? ಒಂದು ಲೈನ್ ಅಲ್ವಾ?’ ಎನ್ನುತ್ತಾರೆ. ನನ್ನ ಶನಿವಾರ, ಭಾನುವಾರಗಳನ್ನು ಈ ವಾಕ್ಯ ತಿಂದಷ್ಟು ಯಾವ ನೆಂಟರಿಷ್ಟರೂ ತಿಂದಿಲ್ಲ.

ಒಂದೇ ಲೈನು, ನಿಜ. ಅದು ಎಲ್ಲಿಯ ಲೈನು ಎಂಬುದು ಪ್ರಶ್ನೆ. ಪಿಎಚ್‌ಪಿಯಾದರೆ ಅದರ ಐಎನ್‌ಐ ಕಡತದಲ್ಲಿ ‘ಎಕ್ಸ್‌ಪೋಸ್ ಪಿಎಚ್‌ಪಿ’ ಎಂಬುದನ್ನು ಆಫ್ ಮಾಡಬೇಕು. (ಹಿಂದೆ ಅದನ್ನು ಆನ್ ಇಟ್ಟವರ ಸೈಟಿನ ವಿಳಾಸದ ತುದಿಗೆ ಒಂದು ಉದ್ದನೆಯ ಗುಪ್ತ ಸಂಕೇತ ಅಂಟಿಸಿದರೆ ಪಿಎಚ್‌ಪಿಯ ಲಾಂಛನ ಪ್ರತ್ಯಕ್ಷವಾಗುತ್ತಿತ್ತು. ಏಪ್ರಿಲ್ 1ರಂದು ಪಿಎಚ್‌ಪಿಯ ಮಾಹಿತಿ ಪುಟದಲ್ಲಿ ಲಾಂಛನದ ಬದಲು ಇನ್ನೇನೋ ತಮಾಷೆಯ ಚಿತ್ರ. 2013ರ 5.5 ಆವೃತ್ತಿಯಲ್ಲಿ ಆ ಆಟ ನಿಲ್ಲಿಸಿದರು, ಆಡಿಟ್‌ನವರ ದೃಷ್ಟಿ ತಾಗಿರಬೇಕು.) ಎಕ್ಸ್‌ಪ್ರೆಸ್ ಆದರೆ ಕೋಡಿನಲ್ಲೇ ‘ಡಿಸೇಬಲ್’ ಎನ್ನಬೇಕು. ಇಲ್ಲವೇ ಹೆಲ್ಮೆಟ್ ಎಂಬ ಪ್ಯಾಕೇಜು ಹಾಕಿಕೊಂಡರೆ ಅದೇ ತೆಗೆದು, ಬೇಕಾದ ಬೇರೆ ಹೆಡರುಗಳನ್ನೂ ಸೇರಿಸುತ್ತದೆ. ಬೆಂಗಳೂರಿನಲ್ಲಿ ಹೆಲ್ಮೆಟ್ಟನ್ನು ತಲೆಗಾಗಿ ಹಾಕುವವರು ಎಷ್ಟು, ಸಿಗ್ನಲ್ಲಿನ ಪೊಲೀಸರಿಗಾಗಿ ಹಾಕುವವರು ಎಷ್ಟು ಎಂದು ನಿಮಗೆ ಗೊತ್ತಿದೆ. ಇದರ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ.

ಮೈಕ್ರೋಸಾಫ್ಟಿನ ಹಳೆಯ ಎಎಸ್‌ಪಿ ಡಾಟ್ ನೆಟ್ ಎಂವಿಸಿ ನಿಮ್ಮ ಪಾಲಿಗೆ ಬಂದಿದ್ದರೆ ಅದು ಪೂರ್ವಜನ್ಮದ ಲೆಕ್ಕ. ಅಲ್ಲಿ ನಾಲ್ಕು ಹೆಸರು, ನಾಲ್ಕೂ ಬೇರೆ ಬೇರೆ ಕಡೆ ಕೊರೆದವು. ‘ಎಕ್ಸ್-ಎಎಸ್‌ಪಿನೆಟ್-ವರ್ಷನ್’ ಹೋಗಬೇಕಾದರೆ ವೆಬ್ ಡಾಟ್ ಕಾನ್ಫಿಗ್ ಕಡತದಲ್ಲಿ ಎಚ್‌ಟಿಟಿಪಿ ರನ್‌ಟೈಮಿನ ಪಕ್ಕ ‘ಫಾಲ್ಸ್’ ಎಂದು ಬರೆಯಬೇಕು. ಎಂವಿಸಿಯ ಆವೃತ್ತಿ ಹೋಗಬೇಕಾದರೆ ಅಪ್ಲಿಕೇಶನ್ ಎದ್ದೇಳುವ ಜಾಗದಲ್ಲಿ ಒಂದು ಸಾಲು ಕೋಡು. ‘ಎಕ್ಸ್-ಪವರ್ಡ್-ಬೈ’ ಐಐಎಸ್ ಸರ್ವರಿನದು, ಅದಕ್ಕೆ ಮತ್ತೊಂದು ಮೂಲೆಯಲ್ಲಿ ‘ರಿಮೂವ್’. ಇನ್ನು ‘ಸರ್ವರ್’ ಎಂಬ ಮೂಲಪುರುಷನನ್ನು ಏಳಿಸಲು ಐಐಎಸ್ 10 ಬರುವ ತನಕ ನೇರ ದಾರಿಯೇ ಇರಲಿಲ್ಲ, ಜನ ಏನೇನೋ ಸುತ್ತುಬಳಸಿನ ಉಪಾಯ ಹೂಡುತ್ತಿದ್ದರು. ಲೋಟದ ತಳದ ಹೆಸರು ಉಜ್ಜಿದರೆ ಕಂಠದ್ದು ಉಳಿಯಿತು, ಕಂಠದ್ದು ಉಜ್ಜಿದರೆ ಮುಚ್ಚಳದ್ದು ಹಲ್ಲುಕಿರಿಯಿತು.

ಅಷ್ಟೂ ಉಜ್ಜಿದಿರಿ ಎನ್ನೋಣ. ಈಗಿನ ಕಾಲದಲ್ಲಿ ಯಾವ ಸೇವೆಯೂ ಒಂಟಿಯಾಗಿ ಬಾಳುವುದಿಲ್ಲ. ನಾವು ಬರೆದ ಕೋಡು, ಅದರ ಮುಂದೆ ಎಂಜಿನ್‌ಎಕ್ಸ್ ಎಂಬ ಸರ್ವರು, ಅದರ ಮುಂದೆ ಕೆಲಸ ಹಂಚುವ ಲೋಡ್ ಬ್ಯಾಲೆನ್ಸರ್, ಎಲ್ಲರಿಗಿಂತ ಮುಂದೆ ಪುಟದ ಪ್ರತಿಗಳನ್ನು ಹತ್ತಿರದಿಂದ ಹಂಚುವ ಸಿಡಿಎನ್. ಉತ್ತರ ಒಳಗಿನಿಂದ ಹೊರಗೆ ಹೊರಟಾಗ ದಾರಿಯಲ್ಲಿ ಯಾರು ಬೇಕಾದರೂ ಒಂದು ಹೆಡರು ಸೇರಿಸಬಹುದು, ಇನ್ನೊಬ್ಬರದನ್ನು ಕಿತ್ತುಹಾಕಬಹುದು. ಎಲ್ಲರಿಗೂ ಅಧಿಕಾರವಿದೆ, ಒಬ್ಬರಿಗೊಬ್ಬರು ಹೇಳುವುದಿಲ್ಲ.

ನಮ್ಮ ತಂಡದಲ್ಲಿ ಹಾಸನದ ಕಡೆಯ ಹುಡುಗಿಯೊಬ್ಬಳಿದ್ದಾಳೆ. ಹೊಸಬಳು, ನನಗಿಂತ ಚುರುಕು. ಒಂದು ಮಧ್ಯಾಹ್ನ ಲ್ಯಾಪ್‌ಟಾಪನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದಳು.

‘ಸಾರ್, ಹೋಮ್ ಪೇಜಲ್ಲಿ ಸೆಕ್ಯುರಿಟಿ ಹೆಡರ್ ಎಲ್ಲಾ ಬರ್ತಿದೆ. ಲಾಗಿನ್ ಪೇಜಲ್ಲಿ ಒಂದೂ ಇಲ್ಲ ಸಾರ್.’

‘ಮೇಲೆ ಸರ್ವರ್ ಬ್ಲಾಕಲ್ಲಿ ಹಾಕಿದ್ದೀವಲ್ಲಮ್ಮ. ಕೆಳಗಿನದಕ್ಕೆಲ್ಲ ತಾನಾಗೇ ಇಳಿಯತ್ತೆ.’

‘ಇಳೀತಿಲ್ಲ ಸಾರ್.’

ಇಳಿಯುತ್ತಿರಲಿಲ್ಲ. ಎಂಜಿನ್‌ಎಕ್ಸಿನಲ್ಲಿ ‘ಆಡ್ ಹೆಡರ್’ ಎಂಬ ಆಜ್ಞೆಯ ಆಸ್ತಿ ಕಾನೂನು ವಿಚಿತ್ರ. ಕೆಳಗಿನ ಬ್ಲಾಕಿನಲ್ಲಿ ಸ್ವಂತದ ಒಂದೂ ಆಡ್ ಹೆಡರ್ ಇಲ್ಲದಿದ್ದರೆ ಮಾತ್ರ ಮೇಲಿನವು ಇಳಿದು ಬರುತ್ತವೆ. ಸ್ವಂತದ್ದು ಒಂದೇ ಒಂದಿದ್ದರೂ ಮೇಲಿನದು ಪೂರಾ ಖೋತಾ. ಲಾಗಿನ್ ಪುಟವನ್ನು ಯಾರೂ ಕ್ಯಾಷ್‌ನಲ್ಲಿ ಇಟ್ಟುಕೊಳ್ಳದಿರಲಿ ಎಂದು ಯಾರೋ ಪುಣ್ಯಾತ್ಮರು ಅಲ್ಲಿ ‘ನೋ-ಸ್ಟೋರ್’ ಎಂಬ ಸಾಲು ಸೇರಿಸಿದ್ದರು. ಕಾಳಜಿಯಿಂದಲೇ ಸೇರಿಸಿದ್ದು. ಅದರ ಫಲವಾಗಿ ಇಡೀ ಸೈಟಿನಲ್ಲಿ ರಕ್ಷಣೆ ಹೆಚ್ಚು ಬೇಕಾದ ಪುಟವೇ ಬರಿಮೈಯಲ್ಲಿ ನಿಂತಿತ್ತು. ಕಾನ್ಫಿಗ್ ಪರೀಕ್ಷಿಸಿದರೆ ‘ಸಿಂಟ್ಯಾಕ್ಸ್ ಓಕೆ’ ಎನ್ನುತ್ತದೆ, ಲಾಗ್ ಕಡತದಲ್ಲಿ ಚಕಾರವಿಲ್ಲ. ಕೈಪಿಡಿಯಲ್ಲಿ ಮಾತ್ರ ಒಂದು ವಾಕ್ಯವಿದೆ, ಅದನ್ನೂ ಅವಳೇ ಹುಡುಕಿ ತೋರಿಸಿದಳು. ಜೊತೆಗೆ ಇನ್ನೊಂದು ಬಡ್ಡಿ: ‘ಆಲ್ವೇಸ್’ ಎಂಬ ಪದ ಸೇರಿಸದಿದ್ದರೆ 404, 500ರಂಥ ತಪ್ಪಿನ ಪುಟಗಳಿಗೆ ಆ ಹೆಡರು ಹೋಗುವುದೇ ಇಲ್ಲ. ಅಪಾಚೆಯ ‘ಹೆಡರ್’ ಆಜ್ಞೆಯಲ್ಲೂ ಇಂಥ ಎರಡು ಖಾತೆಗಳಿವೆ. ಒಂದು ಖಾತೆಯಲ್ಲಿ ಅಳಿಸಿದ್ದು ಇನ್ನೊಂದರಲ್ಲಿ ನಗುತ್ತ ಕೂತಿರಬಹುದು.

ಆಡಿಟ್ ವರದಿಯ ಹಳದಿಗಳನ್ನು ಅಳಿಸುತ್ತ ಕೂತು ಇನ್ನೊಂದು ದಿನ ಮನೆಗೆ ಬರುವಾಗ ತಡವಾಯಿತು. ಅಮ್ಮನಿಗೆ ನನ್ನ ಕೆಲಸದ ಮೇಲೆ ಮೊದಲಿಂದಲೂ ಗುಮಾನಿ.

‘ಇಷ್ಟೊತ್ತು ಏನೋ ಮಾಡ್ತಿದ್ದೆ?’

‘ಒಂದು ಹೆಸರು ತೆಗೀತಿದ್ದೆ ಅಮ್ಮ.’

‘ತೆಗೆದ್ರೆ ಏನಾಗತ್ತೆ?’

‘ಕಳ್ಳರಿಗೆ ನಮ್ಮ ಹತ್ರ ಯಾವ ಸರ್ವರ್ ಇದೆ ಅಂತ ಗೊತ್ತಾಗಲ್ಲ.’

ಅಮ್ಮ ಹುಳಿ ಬಡಿಸುತ್ತ, ‘ಕಳ್ಳ ಬೋರ್ಡು ಓದ್ಕೊಂಡು ಬರ್ತಾನೇನೋ?’ ಎಂದಳು.

ನಾನು ಬಾಯಿ ಮುಚ್ಚಿಕೊಂಡು ಊಟ ಮಾಡಿದೆ. ಯಾಕೆಂದರೆ ಅಪಾಚೆಯ ಕೈಪಿಡಿ ಅಮ್ಮನ ಪಕ್ಷ. ‘ಸರ್ವರ್‌ಟೋಕನ್ಸ್’ ಎಂಬ ಸೆಟ್ಟಿಂಗಿನಿಂದ ಹೆಸರನ್ನು ಎಷ್ಟು ಬೇಕಾದರೂ ಮೊಟಕು ಮಾಡಬಹುದು, ಆದರೆ ತೀರಾ ಮೊಟಕು ಮಾಡಿದರೆ ತೊಂದರೆ ಬಂದಾಗ ಮೂಲ ಹುಡುಕುವುದು ಕಷ್ಟ, ಹೆಸರು ಮುಚ್ಚಿಟ್ಟ ಮಾತ್ರಕ್ಕೆ ಸರ್ವರಿನ ಭದ್ರತೆ ಎಳ್ಳಷ್ಟೂ ಹೆಚ್ಚುವುದಿಲ್ಲ ಎಂದು ಅದನ್ನು ಬರೆದವರೇ ಅಲ್ಲಿ ಬರೆದಿದ್ದಾರೆ. ಎಷ್ಟು ಮೊಟಕು ಮಾಡಿದರೂ ‘ಅಪಾಚೆ’ ಎಂಬ ಒಂದು ಪದವಂತೂ ಉಳಿದೇ ಉಳಿಯುತ್ತದೆ. ಎಂಜಿನ್‌ಎಕ್ಸಿನ ‘ಸರ್ವರ್ ಟೋಕನ್ಸ್ ಆಫ್’ ಕೂಡ ನಂಬರನ್ನು ತೆಗೆಯುತ್ತದೆಯೇ ಹೊರತು ಹೆಸರನ್ನಲ್ಲ. ನಮ್ಮ ಸೇವೆಯಲ್ಲಿ ವರ್ಡ್‌ಪ್ರೆಸ್ಸಿನ ಸುಳಿವೂ ಇಲ್ಲ, ಆದರೂ ಲಾಗ್ ತೆರೆದರೆ ಹಗಲೂ ರಾತ್ರಿ ವರ್ಡ್‌ಪ್ರೆಸ್ಸಿನ ಲಾಗಿನ್ ಪುಟ ಕೇಳಿಕೊಂಡು ಬರುವವರ ಸಾಲು. ಬೋರ್ಡು ಓದುವ ವ್ಯವಧಾನ ಅವರಿಗಿಲ್ಲ, ಬೀದಿಯ ಎಲ್ಲ ಬಾಗಿಲನ್ನೂ ದೂಡಿ ನೋಡುತ್ತ ಹೋಗುತ್ತಾರೆ.

ಆದರೂ ಆವೃತ್ತಿಯ ನಂಬರನ್ನು ನಾನು ತೆಗೆಯುತ್ತೇನೆ, ಅಮ್ಮನ ಮಾತನ್ನು ಪೂರ್ತಿ ಒಪ್ಪಿಯೂ. ಶೋಡಾನ್ ಎಂಬ ಹುಡುಕುತಾಣವೊಂದಿದೆ. ಇಂಟರ್ನೆಟ್ಟಿನ ಯಂತ್ರಗಳು ಹೇಳಿಕೊಳ್ಳುವ ಇಂಥ ಪರಿಚಯಗಳನ್ನೆಲ್ಲ ಕೂಡಿಹಾಕುವುದೇ ಅದರ ಕಸುಬು. ನಾಳೆ ಯಾವುದಾದರೂ ಆವೃತ್ತಿಯಲ್ಲಿ ಹೊಸ ತೂತು ಬಯಲಾದರೆ, ಅದೇ ನಂಬರನ್ನು ಹೊತ್ತು ನಿಂತವರ ಪಟ್ಟಿ ಆ ಕ್ಷಣವೇ ಸಿದ್ಧ. ಆ ಪಟ್ಟಿಯ ಮೊದಲ ಪುಟದಲ್ಲಿ ಇರಬಾರದು ಅನ್ನುವುದಷ್ಟೇ ನನ್ನ ಆಸೆ. ಹಳೆಯ ಸಾಫ್ಟ್‌ವೇರನ್ನು ಹಾಗೆಯೇ ಇಟ್ಟುಕೊಂಡು ನಂಬರು ಮಾತ್ರ ಅಳಿಸಿ ‘ಅಪಾಯ ನಿವಾರಣೆ’ ಎಂದು ವರದಿಗೆ ಸಹಿ ಹಾಕುವವರನ್ನು ಕಂಡರೆ ಮಾತ್ರ ನನಗೆ ಮೈ ಉರಿಯುತ್ತದೆ.

ಹೆಸರನ್ನು ಅಳಿಸುವ ಮಾತೇ ಆಯಿತು. ಬೇಕೆಂದೇ ಸೇರಿಸುವ ರಸಿಕರೂ ಇದ್ದಾರೆ. ವರ್ಡ್‌ಪ್ರೆಸ್ ಡಾಟ್ ಕಾಮ್ ನಡೆಸುವ ಆಟೋಮ್ಯಾಟಿಕ್ ಸಂಸ್ಥೆ ‘ಎಕ್ಸ್-ಹ್ಯಾಕರ್’ ಎಂಬ ಹೆಡರಿನಲ್ಲಿ, ಇದನ್ನು ಓದುವವರು ನೀವಾದರೆ ನಮ್ಮಲ್ಲಿ ಕೆಲಸಕ್ಕೆ ಅರ್ಜಿ ಹಾಕಿ ಎಂದು ಕರೆಯುತ್ತಿತ್ತು. ನನ್ನ ಚಟಕ್ಕೆ ಮರ್ಯಾದೆ ಕೊಟ್ಟವರು ಇವರೊಬ್ಬರೇ. ಇನ್ನು ಕೆಲವರು ಸೇರಿಸುವುದು ನೆನಪಿಗಾಗಿ. ಇಂಗ್ಲೆಂಡಿನ ಹಾಸ್ಯ ಕಾದಂಬರಿಕಾರ ಟೆರ್ರಿ ಪ್ರ್ಯಾಚೆಟ್ 2015ರ ಮಾರ್ಚ್ 12ರಂದು ತೀರಿಕೊಂಡರು. ಅವರ 2004ರ ಕಾದಂಬರಿಯೊಂದರಲ್ಲಿ ಬೆಟ್ಟದಿಂದ ಬೆಟ್ಟಕ್ಕೆ ಗೋಪುರಗಳ ಮೂಲಕ ಸುದ್ದಿ ಸಾಗಿಸುವವರು ತಮ್ಮಲ್ಲಿ ಸತ್ತವನ ಹೆಸರನ್ನು ಒಂದು ಸಂಕೇತದೊಡನೆ ಕಳಿಸುತ್ತಾರೆ: ಮುಂದಕ್ಕೆ ದಾಟಿಸು, ಪುಸ್ತಕದಲ್ಲಿ ದಾಖಲಿಸಬೇಡ, ಸಾಲಿನ ಕೊನೆ ಬಂದರೆ ತಿರುಗಿಸಿ ಕಳಿಸು. ಹೆಸರು ಓಡಾಡುತ್ತಿರುವ ತನಕ ಆತ ಸತ್ತಿಲ್ಲ ಎಂದು ಅವರ ನಂಬಿಕೆ. ಪ್ರ್ಯಾಚೆಟ್ ಹೋದ ಮೇಲೆ ಅವರ ಅಭಿಮಾನಿಗಳು ‘ಎಕ್ಸ್-ಕ್ಲ್ಯಾಕ್ಸ್-ಓವರ್‌ಹೆಡ್’ ಎಂಬ ಹೆಡರಿನಲ್ಲಿ ಅವರ ಹೆಸರನ್ನು ಹಾಗೆಯೇ ಓಡಾಡಲು ಬಿಟ್ಟರು. ಬ್ರೌಸರಿಗೆ ಅದರಿಂದ ಮೂರು ಕಾಸಿನ ಉಪಯೋಗವಿಲ್ಲ. ಆಡಿಟ್‌ನವರು ಯಾರಾದರೂ ಇದರ ಸುತ್ತಲೂ ಕೆಂಪು ಚೌಕ ಹಾಕಿದರೆ ಅವರ ಜೊತೆ ಜಗಳಕ್ಕೆ ನಾನು ತಯಾರು.

ರಸಿಕರ ಮಾತು ಬಂದದ್ದಕ್ಕೆ ಕಾಫಿಯ ವಿಷಯವನ್ನೂ ಹೇಳಿಬಿಡುತ್ತೇನೆ. 1998ರ ಏಪ್ರಿಲ್ 1ರಂದು ಬಂದ ಆರ್‌ಎಫ್‌ಸಿ 2324 ಕಾಫಿ ಪಾತ್ರೆಯನ್ನು ಇಂಟರ್ನೆಟ್ಟಿನ ಮೂಲಕ ನಿಯಂತ್ರಿಸುವ ವಿಧಾನವನ್ನು ನಗದೆ ವಿವರಿಸುತ್ತದೆ. ಟೀ ಪಾತ್ರೆಗೆ ಕಾಫಿ ಮಾಡು ಎಂದರೆ ಅದು ‘418, ನಾನು ಟೀ ಪಾತ್ರೆ’ ಎನ್ನಬೇಕು. ಏನೇನು ಬೆರೆಸಬೇಕೆಂದು ಹೇಳಲು ಪ್ರತ್ಯೇಕ ಹೆಡರೇ ಇದೆ. ಕೆನೆ, ಹಾಲು, ವೆನಿಲಾ, ವಿಸ್ಕಿ, ರಮ್ ಎಲ್ಲಕ್ಕೂ ಅದರಲ್ಲಿ ಜಾಗವಿದೆ, ಚಿಕೋರಿಗಿಲ್ಲ. ಚಿಕ್ಕಮಗಳೂರಿನವರನ್ನು ಒಂದು ಮಾತು ಕೇಳಿದ್ದರೆ ಈ ಕೊರತೆ ಉಳಿಯುತ್ತಿರಲಿಲ್ಲ. ತಮಾಷೆಯ ಪ್ರತಾಪ ಎಷ್ಟೆಂದರೆ 2022ರ ಗಂಭೀರ ದಾಖಲೆಯಲ್ಲೂ 418ನೇ ನಂಬರನ್ನು ಬೇರೆ ಯಾರಿಗೂ ಕೊಡದೆ ಖಾಲಿ ಇಟ್ಟಿದ್ದಾರೆ.

ತೆಗೆಯುವುದಕ್ಕಿಂತ ಹಾಕುವುದರಲ್ಲೇ ಹೆಚ್ಚಿನ ವಿವೇಕ ಬೇಕು ಎಂಬುದು ನನ್ನ ಅಭಿಪ್ರಾಯ. ತೆಗೆದದ್ದು ನಮ್ಮ ಮನೆಯ ವಿಚಾರ, ಹಾಕಿದ್ದನ್ನು ಬ್ರೌಸರು ಮಾತುಕೊಟ್ಟಂತೆ ಪಾಲಿಸುತ್ತದೆ. 2012ರಲ್ಲಿ ಬಂದ ‘ಸ್ಟ್ರಿಕ್ಟ್-ಟ್ರಾನ್ಸ್‌ಪೋರ್ಟ್-ಸೆಕ್ಯುರಿಟಿ’ಯನ್ನೇ ನೋಡಿ. ‘ಇನ್ನು ಮುಂದೆ ನನ್ನ ಹತ್ತಿರ ಬೀಗ ಹಾಕಿದ ಎಚ್‌ಟಿಟಿಪಿಎಸ್ ದಾರಿಯಲ್ಲೇ ಬಾ’ ಎಂದು ಅದು ಬ್ರೌಸರಿಗೆ ಹೇಳುತ್ತದೆ, 31536000 ಸೆಕೆಂಡು, ಅಂದರೆ ಒಂದು ವರ್ಷ ನೆನಪಿಟ್ಟುಕೋ ಎಂದು ಅವಧಿಯನ್ನೂ ಹೇಳುವುದು ರೂಢಿ. ನಾನು ಕಂಡ ಒಂದು ಕಚೇರಿಯಲ್ಲಿ ಇದರ ಬಾಲಕ್ಕೆ ‘ಉಪವಿಳಾಸಗಳಿಗೂ ಅನ್ವಯ’ ಎಂಬ ಪದವನ್ನು ಉತ್ಸಾಹದಿಂದ ಸೇರಿಸಿದರು. ಅದೇ ಹೆಸರಿನಡಿ ಬೀಗವಿಲ್ಲದ ಹಳೇ ದಾರಿಯಲ್ಲಿ ಕ್ಯಾಂಟೀನಿನ ಊಟದ ಕೂಪನ್ನಿನ ಸೈಟು ನಡೆಯುತ್ತಿತ್ತು. ಮುಖ್ಯ ಸೈಟನ್ನು ಒಮ್ಮೆ ನೋಡಿದವರಿಗೆಲ್ಲ ಊಟ ಬಂದ್. ಹೆಡರು ಕಿತ್ತುಹಾಕಿದರೂ ಪ್ರಯೋಜನವಾಗಲಿಲ್ಲ, ಬ್ರೌಸರು ಮರೆಯಬೇಕಲ್ಲ? ಅವಧಿಯನ್ನು ಸೊನ್ನೆ ಮಾಡಿ ಕಳಿಸಿ, ಪ್ರತಿಯೊಬ್ಬರೂ ಮುಖ್ಯ ಸೈಟಿಗೆ ಮತ್ತೊಮ್ಮೆ ಹೋಗಿ ಬಂದ ಮೇಲೆ ಅನ್ನ ಸಾರು ಸಿಕ್ಕಿತು. ಮೊದಲು ಐದು ನಿಮಿಷದ ಅವಧಿ ಕೊಟ್ಟು ನೋಡಿ, ಆಮೇಲೆ ವರ್ಷಕ್ಕೆ ಏರಿಸುವುದು ಜಾಣತನ.

ಇನ್ನು ಕೆಲವು ಹೆಡರುಗಳಿಗೆ ಆಯುಷ್ಯವೇ ಮುಗಿದಿರುತ್ತದೆ. ‘ಎಕ್ಸ್-ಎಕ್ಸ್‌ಎಸ್‌ಎಸ್-ಪ್ರೊಟೆಕ್ಷನ್’ ಒಂದು ಕಾಲದಲ್ಲಿ ಎಲ್ಲರೂ ಹಾಕಬೇಕಾಗಿದ್ದದ್ದು. ಪುಟಕ್ಕೆ ನುಸುಳುವ ಕಳ್ಳ ಕೋಡನ್ನು ತಡೆಯಲು ಅದು ಬ್ರೌಸರಿನಲ್ಲಿ ಚಾಲೂ ಮಾಡುವ ಜರಡಿಯೇ ಹೊಸ ತೂತುಗಳಿಗೆ ದಾರಿಯಾಯಿತೆಂದು ಗೊತ್ತಾಗಿ, ಕ್ರೋಮ್ 2019ರಲ್ಲಿ ಆ ಜರಡಿಯನ್ನೇ ಎಸೆಯಿತು. ಹೆಲ್ಮೆಟ್ ಪ್ಯಾಕೇಜು ಈಗ ಆ ಹೆಡರಿನಲ್ಲಿ ಸೊನ್ನೆ ಎಂದು ಕಳಿಸುತ್ತದೆ. ಆಡಿಟ್ ವರದಿಗಳಲ್ಲಿ ಮಾತ್ರ ‘ಈ ಹೆಡರು ಇಲ್ಲ’ ಎಂಬ ದೂರು ಇನ್ನೂ ಬರುತ್ತಲೇ ಇದೆ.

ಇದ್ದೂ ಇಲ್ಲದಂತಾಗುವ ಹೆಡರಿನ ಸಂಕಟ ಬೇರೆ. ಕೋಡಿಗೆ ಮಾಹಿತಿ ಒದಗಿಸುವ ಎಪಿಐ ಬರೆಯುವವರು ಒಟ್ಟು ಎಷ್ಟು ದಾಖಲೆ ಇವೆ ಎಂಬುದನ್ನು ‘ಎಕ್ಸ್-ಟೋಟಲ್-ಕೌಂಟ್’ ಎಂಬ ಹೆಡರಿನಲ್ಲಿ ಕಳಿಸುವುದುಂಟು. ಎಫ್12 ಒತ್ತಿದರೆ ಢಾಳಾಗಿ ಕಾಣುತ್ತದೆ, ಪುಟದ ಜಾವಾಸ್ಕ್ರಿಪ್ಟ್ ಕೇಳಿದರೆ ‘ನಲ್’. ಪುಟ ಒಂದು ವಿಳಾಸದ್ದು, ಎಪಿಐ ಇನ್ನೊಂದು ವಿಳಾಸದ್ದಾದರೆ ಬ್ರೌಸರು ಕಂಟೆಂಟ್-ಟೈಪ್, ಕ್ಯಾಷ್-ಕಂಟ್ರೋಲ್‌ನಂಥ ಏಳು ಹೆಡರುಗಳನ್ನು ಬಿಟ್ಟು ಮಿಕ್ಕದ್ದನ್ನು ಕೋಡಿನ ಕೈಗೆ ಕೊಡುವುದಿಲ್ಲ. ‘ಆಕ್ಸೆಸ್-ಕಂಟ್ರೋಲ್-ಎಕ್ಸ್‌ಪೋಸ್-ಹೆಡರ್ಸ್’ ಎಂಬ ಮತ್ತೊಂದು ಹೆಡರಿನಲ್ಲಿ ಇದರ ಹೆಸರು ಬರೆದು ಅಪ್ಪಣೆ ಕೊಟ್ಟರಷ್ಟೇ ಸಿಗುತ್ತದೆ. ಹೆಡರನ್ನು ತೋರಿಸಲು ಇನ್ನೊಂದು ಹೆಡರು! ಇದನ್ನು ನಾನು ಅಮ್ಮನಿಗೆ ಹೇಳಲು ಹೋಗಿಲ್ಲ.

ಕನ್ನಡದವರಾಗಿ ನಾವು ಕಾಯಬೇಕಾದ ಹೆಡರು ಮಾತ್ರ ಒಂದೇ: ಕಂಟೆಂಟ್-ಟೈಪ್, ಅದರ ಕೊನೆಯಲ್ಲಿ ಚಾರ್‌ಸೆಟ್ ಯುಟಿಎಫ್-8. ಯುಟಿಎಫ್-8ರಲ್ಲಿ ಒಂದು ‘ಕ’ಕ್ಕೆ ಮೂರು ಬೈಟು. ಯಾವ ಲಿಪಿಯ ಲೆಕ್ಕದಲ್ಲಿ ಓದಬೇಕೆಂದು ಗೊತ್ತಿಲ್ಲದ ಬ್ರೌಸರು ಅದನ್ನು ಪಶ್ಚಿಮ ಯುರೋಪಿನ ಬರಹವೆಂದು ತಿಳಿದರೆ ಪರದೆಯ ಮೇಲೆ ಮೊದಲು ತಲೆಗೆ ಓರೆಗೆರೆ ಸಿಕ್ಕಿಸಿಕೊಂಡ ಇಂಗ್ಲಿಷಿನ ಸಣ್ಣ ‘ಎ’, ಆಮೇಲೆ ಮಾಳಿಗೆ ಹತ್ತಿ ಕೂತ ಪುಟಾಣಿ 2, ಕೊನೆಗೊಂದು ದಪ್ಪ ಚುಕ್ಕೆ. ಪುಟದ ತುಂಬ ಓರೆಗೆರೆಯ ಎ, ಎತ್ತರದ 2 ಮತ್ತು 3ಗಳ ಜಾತ್ರೆ ಕಂಡರೆ ಅದರ ಅಡಿಯಲ್ಲಿ ಕನ್ನಡ ಸಿಕ್ಕಿಹಾಕಿಕೊಂಡಿದೆ ಎಂದೇ ತಿಳಿಯಿರಿ. 1999ರ ನಿಯಮವಂತೂ ಏನೂ ಹೇಳದಿದ್ದರೆ ಪಶ್ಚಿಮ ಯುರೋಪಿನ ಲಿಪಿಯೆಂದೇ ತಿಳಿಯತಕ್ಕದ್ದು ಎಂದಿತ್ತು, 2014ರಲ್ಲಿ ಕೈಬಿಟ್ಟರು. ಪುಟದೊಳಗೆ ಮೆಟಾ ಟ್ಯಾಗಿನಲ್ಲಿ ನೀವು ಏನೇ ಬರೆದುಕೊಂಡಿರಿ, ಹೆಡರು ಬೇರೆ ಹೇಳಿದರೆ ಹೆಡರಿನ ಮಾತೇ ನಡೆಯುತ್ತದೆ.

ಡೌನ್‌ಲೋಡ್ ಆಗುವ ಕಡತದ ಹೆಸರು ಕನ್ನಡದಲ್ಲಿದ್ದರೆ ಇನ್ನೊಂದು ಫಜೀತಿ. ಹೆಡರಿನೊಳಗೆ ಕನ್ನಡ ಅಕ್ಷರವನ್ನು ನೇರವಾಗಿ ಇಡುವಂತಿಲ್ಲ. 2011ರ ಆರ್‌ಎಫ್‌ಸಿ 6266 ಹೇಳುವಂತೆ ‘ಕ’ ಎಂಬುದನ್ನು ಪರ್ಸೆಂಟ್ ಇ ಸೊನ್ನೆ, ಪರ್ಸೆಂಟ್ ಬಿ ಎರಡು, ಪರ್ಸೆಂಟ್ ಒಂಬತ್ತು ಐದು ಎಂದು ಬರೆಯಬೇಕು. ‘ಕನ್ನಡ’ ಎಂಬ ಪುಟ್ಟ ಪದ ಹೀಗೆ 45 ಚಿಹ್ನೆಗಳ ಗೂಡ್ಸ್ ಗಾಡಿಯಾಗುತ್ತದೆ. ಇಷ್ಟು ತ್ರಾಸ ತೆಗೆದುಕೊಳ್ಳದ ಸೇವೆಯೊಂದರಿಂದ ಅಕ್ಕನ ಮನೆಯ ಗೃಹಪ್ರವೇಶದ ಆಮಂತ್ರಣ ಇಳಿಸಿಕೊಂಡಾಗ ಅದರ ಹೆಸರಿನ ಜಾಗದಲ್ಲಿ ಬರೀ ಅಡಿಗೆರೆಗಳ ಸಾಲು. ‘ಏನೋ ಇದು, ವೈರಸ್ಸಾ?’ ಎಂದು ಅಕ್ಕ ಫೋನು ಮಾಡಿದಳು. ‘ಅಲ್ಲ ಕಣೇ, ನಿನ್ನ ಮನೆ ಹೆಸರು’ ಎಂದೆ. ನಂಬಲಿಲ್ಲ, ಭಾವನ ಫೋನಿನಲ್ಲಿ ತೆರೆಸಿ ನೋಡಿದಳಂತೆ.

ನಿಮ್ಮ ಕೈಯಲ್ಲೂ ಒಂದು ಸೇವೆಯಿದ್ದರೆ ಟರ್ಮಿನಲ್ ತೆರೆದು ಕರ್ಲ್ ಎಂದು ಬರೆದು, ಒಂದು ಡ್ಯಾಶ್, ಇಂಗ್ಲಿಷಿನ ದೊಡ್ಡ ಐ ಹಾಕಿ, ನಿಮ್ಮ ವಿಳಾಸ ಕೊಟ್ಟು ನೋಡಿ. ಹೋಮ್ ಪೇಜಿಗೆ ಒಮ್ಮೆ, ಲಾಗಿನ್ ಪುಟಕ್ಕೆ ಒಮ್ಮೆ, ಇಲ್ಲದ ಪುಟವೊಂದಕ್ಕೆ ಒಮ್ಮೆ. ಒಳಗಿನ ಸರ್ವರನ್ನು ಕೇಳಬೇಡಿ, ಹೊರಗೆ ಬೀದಿಯಿಂದ ಕೇಳಿ, ಯಾಕೆಂದರೆ ದಾರಿಯಲ್ಲಿ ಯಾರು ಏನು ಸೇರಿಸಿದರು ಎಂಬುದು ಅಲ್ಲಿಂದಲೇ ಕಾಣುವುದು. ಆವೃತ್ತಿಯ ನಂಬರು ಕಂಡರೆ ಮೊದಲು ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ, ಆಮೇಲೆ ನಂಬರು ಅಳಿಸಿ. ಕನ್ನಡದ ಪುಟಕ್ಕೆ ಚಾರ್‌ಸೆಟ್ ಇಲ್ಲದಿದ್ದರೆ ಅದನ್ನು ಇವತ್ತೇ ಹಾಕಿ. ಮಿಕ್ಕಿದ್ದನ್ನು ಹೇಳಲು ಆಡಿಟ್‌ನವರು ಶುಕ್ರವಾರ ಹೇಗೂ ಬರುತ್ತಾರೆ.